ಯುತ್ ಕೀ, ಕ್ವಾಲಾಲಂಪುರ: ಟೋಸ್ಟಿಗಿಂತ ಅಡುಗೆಮನೆಗಾಗಿ ಹೋಗಬೇಕಾದ ಹೈನಾನ್ ಕಾಫಿ ಅಂಗಡಿ

ಕಾಯಾ ಎಂಬ ತೆಂಗಿನಹಾಲು ಮೊಟ್ಟೆಯ ಲೇಹ್ಯ ಸವರಿದ ಟೋಸ್ಟು, ಅರೆಬೆಂದ ಮೊಟ್ಟೆ, ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕಾಫಿ ಕ್ವಾಲಾಲಂಪುರದ ಯಾವ ಮಾಲ್ ಹೊಕ್ಕರೂ ಸಿಗುತ್ತವೆ. ಇಷ್ಟಕ್ಕೇ ಜಲಾನ್ ಕಮುಂಟಿಂಗ್ ರಸ್ತೆಯವರೆಗೆ ಹುಡುಕಿಕೊಂಡು ಹೋಗಿ, ಬಾಗಿಲ ಬಳಿ ಕಾದು, ಗುರುತು ಪರಿಚಯ ಇಲ್ಲದವರ ಜೊತೆ ಒಂದೇ ಮೇಜು ಹಂಚಿಕೊಂಡು ಕೂರಬೇಕೇ? ಬರೀ ಟೋಸ್ಟು ಕಾಫಿಗಾದರೆ ಬೇಡ. ಯುತ್ ಕೀಗೆ ಹೋಗಬೇಕಾದ್ದು ಅದರ ಅಡುಗೆಮನೆಗಾಗಿ. ಬ್ರಿಟಿಷರ ಬಂಗಲೆಗಳಲ್ಲಿ ಹೈನಾನ್ ಬಾಣಸಿಗರು ಕಲಿತು, ತಮ್ಮ ಸೋಯಾ ಸಾಸು, ಚೀನೀ ಬಾಣಲೆಗೆ ಒಗ್ಗಿಸಿಕೊಂಡ ಒಂದು ಅಡುಗೆಯಿದೆ. ಅದನ್ನು ಇನ್ನೂ ಅಳತೆ ತಪ್ಪದೆ ಮಾಡುವ ಕೆಲವೇ ಅಂಗಡಿಗಳಲ್ಲಿ ಇದೊಂದು. ಕಾಫಿ, ಟೋಸ್ಟು ಅದರ ಪಕ್ಕವಾದ್ಯ.

ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಮೆನುವಿನಲ್ಲಿ ಹಂದಿಮಾಂಸದ ಚಾಪ್ ಪಕ್ಕದಲ್ಲಿ ನೂಡಲ್ಸ್, ಅದರ ಪಕ್ಕದಲ್ಲಿ ಸ್ವಿಸ್ ರೋಲ್ ಯಾಕಿದೆ ಎಂಬ ಗೊಂದಲ ಇರುವುದಿಲ್ಲ. ಚೀನಾದ ದಕ್ಷಿಣ ತುದಿಯ ಹೈನಾನ್ ದ್ವೀಪದವರು ಮಲಯಾ, ಸಿಂಗಪುರಗಳಿಗೆ ಬಂದದ್ದು ಉಳಿದ ಚೀನೀ ಪಂಗಡಗಳಿಗಿಂತ ತಡವಾಗಿ. ಅಷ್ಟರಲ್ಲಿ ವ್ಯಾಪಾರ ಹೊಕ್ಕಿಯನ್ನರ ಕೈಯಲ್ಲಿತ್ತು, ತವರದ ಗಣಿಗಳಲ್ಲಿ ಹಕ್ಕಾ ಮತ್ತು ಕ್ಯಾಂಟನೀಸ್ ಜನ ನೆಲೆಯೂರಿದ್ದರು. ಉಳಿದದ್ದು ದೊರೆಗಳ ಮನೆ, ಕ್ಲಬ್ಬು, ಹೋಟೆಲು, ಹಡಗುಗಳ ಅಡುಗೆಕೆಲಸ. ವೂಸ್ಟರ್ ಸಾಸು, ಬ್ರೆಡ್ಡು, ಹುರಿದ ಮಾಂಸ, ಕೇಕು ಎಲ್ಲವೂ ಅಲ್ಲಿ ಕೈಗೆ ಹತ್ತಿತು. 1920, 30ರ ದಶಕಗಳಲ್ಲಿ ಕೂಡಿಟ್ಟ ಹಣದಲ್ಲಿ ಅನೇಕರು ಸ್ವಂತ ಕಾಫಿ ಅಂಗಡಿ ತೆರೆದರು. ಯುತ್ ಕೀ ಶುರುವಾದದ್ದು 1928ರಲ್ಲಿ, ಆಗ ಕ್ಯಾಂಪ್‌ಬೆಲ್ ರಸ್ತೆ ಎನ್ನಿಸಿಕೊಂಡಿದ್ದ ಇಂದಿನ ಜಲಾನ್ ಡಾಂಗ್ ವಾಂಗಿಯಲ್ಲಿ. 2014ರಲ್ಲಿ ಆ ಜಾಗ ಬಿಟ್ಟು ನಡೆದು ಹೋಗುವಷ್ಟು ಹತ್ತಿರದ ಜಲಾನ್ ಕಮುಂಟಿಂಗ್‌ಗೆ ಬಂತು. ಈಗಲೂ ಅದೇ ಮನೆತನ ನಡೆಸುತ್ತಿದೆ. ಹಳೆಯ ಕಟ್ಟಡದ ಮಬ್ಬು, ಮಸಿ ಇಲ್ಲ ಎಂದು ಕೊರಗುವ ಹಳಬರಿದ್ದಾರೆ. ಅಡುಗೆಮನೆಗೆ ಜಾಗ ಸಿಕ್ಕಿತು, ಕೂರುವವರಿಗೆ ಗಾಳಿ ಸಿಕ್ಕಿತು. ತಿನ್ನಲು ಬಂದವರಿಗೆ ಇದು ನಷ್ಟವೇನಲ್ಲ.

ಮೊದಲು ಕಾಫಿ, ಏಕೆಂದರೆ ಕನ್ನಡದ ನಾಲಿಗೆ ಮೊದಲು ತಕರಾರು ತೆಗೆಯುವುದು ಅದರ ಮೇಲೆಯೇ. ಫಿಲ್ಟರ್ ಕಾಫಿಯ ನಿರೀಕ್ಷೆಯಲ್ಲಿ ಗುಟುಕರಿಸಿದರೆ ಸೀದ ವಾಸನೆ ಹೊಡೆಯುತ್ತದೆ. ಇಲ್ಲಿನ ಸಾಂಪ್ರದಾಯಿಕ ಕಾಫಿಗೆ ಬಳಸುವ ಬೀಜ ಬಹುಪಾಲು ರೊಬಸ್ಟಾ. ಕೊಡಗಿನವರಿಗೆ ರೊಬಸ್ಟಾ ಹೊಸದಲ್ಲ, ಹುರಿಯುವ ರೀತಿ ಮಾತ್ರ ಹೊಸದು. ಹುರಿತದ ಕೊನೆಗೆ ಸಕ್ಕರೆ, ಮಾರ್ಗರಿನ್ ಅಥವಾ ಬೆಣ್ಣೆ, ಚಿಟಿಕೆ ಉಪ್ಪು ಸೇರಿಸುತ್ತಾರೆ. ಸಕ್ಕರೆ ಕರಗಿ, ಕಪ್ಪಾಗಿ, ಬೀಜದ ಮೇಲೆ ಹೊಳಪಿನ ಪದರ ಕಟ್ಟುತ್ತದೆ. ನಮ್ಮಲ್ಲಿ ಚಿಕೋರಿ ಕೊಡುವ ಬಣ್ಣ ಮತ್ತು ಮಂದತೆಯನ್ನು ಅಲ್ಲಿ ಈ ಕಪ್ಪುಸಕ್ಕರೆ ಕೊಡುತ್ತದೆ. ಪುಡಿ ತರಿತರಿ. ಅದನ್ನು ಉದ್ದನೆಯ ಬಟ್ಟೆಚೀಲಕ್ಕೆ ಹಾಕಿ, ಉದ್ದ ಮೂತಿಯ ಪಾತ್ರೆಯಲ್ಲಿ ಇಳಿಬಿಟ್ಟು, ಕುದಿನೀರು ಹೊಯ್ದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಾಲ್ಕಾರು ಸಲ ಬಗ್ಗಿಸಿ ಡಿಕಾಕ್ಷನ್ ಇಳಿಸುತ್ತಾರೆ. ಬಿಸಿನೀರಲ್ಲಿ ಅದ್ದಿಟ್ಟ ದಪ್ಪ ಪಿಂಗಾಣಿ ಕಪ್ಪಿನ ತಳಕ್ಕೆ ಒಂದೂವರೆ ದೊಡ್ಡ ಚಮಚದಷ್ಟು ಕಂಡೆನ್ಸ್ಡ್ ಮಿಲ್ಕ್, ಅದರ ಮೇಲೆ ಡಿಕಾಕ್ಷನ್, ಕೊನೆಗೆ ಹದಕ್ಕೆ ಬಿಸಿನೀರು.

ಈ ಬಗೆಯ ಕಾಫಿ ಕೆಡುವುದು ಎರಡು ಕಾರಣಕ್ಕೆ. ಚೀಲವನ್ನು ಹಳೆಯ ಗಸಿಯ ಸಮೇತ ಡಿಕಾಕ್ಷನ್ನಿನಲ್ಲೇ ಬಿಟ್ಟರೆ ಕಹಿ ಬೂದಿಯ ರುಚಿಗೆ ತಿರುಗುತ್ತದೆ. ಇಳಿಸಿದ ಡಿಕಾಕ್ಷನ್ನನ್ನು ಒಲೆಯ ಮೇಲೆ ಗಂಟೆಗಟ್ಟಲೆ ಕಾಯಿಸಿದರೆ ಒಗರಾಗುತ್ತದೆ. ಗಿರಾಕಿ ಸಾಲುಗಟ್ಟುವ ಅಂಗಡಿಯ ದೊಡ್ಡ ಅನುಕೂಲ ಇಲ್ಲೇ ಇದೆ: ಪಾತ್ರೆ ಬೇಗ ಖಾಲಿಯಾಗುತ್ತದೆ, ಹಳೆಯದು ನಿಲ್ಲುವುದಿಲ್ಲ. ಕಪ್ಪು ಬಂದ ಮೇಲೆ ತಳದವರೆಗೆ ಚಮಚ ಬಿಟ್ಟು ಕಲಕಿ. ಕಲಕದೆ ಕುಡಿದವರಿಗೆ ಮೊದಲರ್ಧ ಕಷಾಯ, ಕೊನೆಯರ್ಧ ಪಾಯಸ.

ಆರ್ಡರ್ ಮಾಡುವುದು ಕಷ್ಟವಿಲ್ಲ. ಕೋಪಿ ಎಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದು, ಸಿಹಿಯಾಗಿಯೇ ಬರುತ್ತದೆ. ಕೋಪಿ ಓ ಎಂದರೆ ಹಾಲಿಲ್ಲದ, ಸಕ್ಕರೆ ಹಾಕಿದ ಕಪ್ಪು ಕಾಫಿ. ಕೋಪಿ ಸಿ ಎಂದರೆ ಸಿಹಿಯಿಲ್ಲದ ಡಬ್ಬಿಹಾಲು ಮತ್ತು ಸಕ್ಕರೆ. ಸಕ್ಕರೆಯೇ ಬೇಡದಿದ್ದರೆ ಓ ಅಥವಾ ಸಿ ಜೊತೆಗೆ ಕೊಸೊಂಗ್ ಸೇರಿಸಿ. ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕೋಪಿಗೆ ಕೊಸೊಂಗ್ ಕೇಳಿ ಪ್ರಯೋಜನವಿಲ್ಲ, ಸಿಹಿ ಹಾಲಿನಲ್ಲೇ ಇದೆ. ಕಡಿಮೆ ಸಿಹಿಗೆ ಕುರಾಂಗ್ ಮಾನಿಸ್ ಎಂದರೆ ಮಲೇಷ್ಯಾದ ಉದ್ದಗಲಕ್ಕೂ ನಡೆಯುತ್ತದೆ. ಐಸ್ ಬೇಕಿದ್ದರೆ ಐಸ್ ಅನ್ನಿ, ಸಾಕು. ಚಾಮ್ ಎಂಬ ಕಾಫಿ ಚಹಾ ಮಿಶ್ರಣವೂ ಉಂಟು. ಬಿಸಿಯಾಗಿ ಅದು ಎರಡಕ್ಕೂ ಸಲ್ಲದ ಪಾನೀಯ, ಐಸ್ ಹಾಕಿದರೆ ಮಾತ್ರ ಅದಕ್ಕೊಂದು ಅರ್ಥವಿದೆ. ಬೆಂಗಳೂರು, ಮೈಸೂರಿನ ಕಾಫಿಗೆ ಹತ್ತಿರದ್ದು ಬೇಕು ಎನ್ನುವವರು ಕೋಪಿ ಸಿ ಕುರಾಂಗ್ ಮಾನಿಸ್ ಕೇಳಿ. ಹೆಚ್ಚಿನವರು ಸಿಹಿ ಕೋಪಿಗೇ ಅಂಟಿಕೊಂಡು ಎರಡನೆಯ ಕಪ್ಪಿಗೆ ಸಾಕಾಗಿ ಏಳುತ್ತಾರೆ.

ಅರೆಬೆಂದ ಮೊಟ್ಟೆಯ ವಿಷಯದಲ್ಲಿ ಭಾರತದಿಂದ ಹೋದವರು ಹಿಂಜರಿಯುವುದು ಸಹಜ. ಬಿಳಿಭಾಗ ತೆಳುವಾಗಿ, ಅಲ್ಲಲ್ಲಿ ಮೋಡದಂತೆ ಕಟ್ಟಿರುತ್ತದೆ, ಹಳದಿ ಪೂರ್ತಿ ಹರಿಯುತ್ತದೆ. ಸರಿಯಾದ ಹದವೇ ಅದು. ಫ್ರಿಜ್ಜಿನ ಹೊರಗೆ ಇಟ್ಟಿದ್ದ ಎರಡು ಮೊಟ್ಟೆಯನ್ನು ಸುಮಾರು 650 ಮಿಲಿಲೀಟರ್ ಕುದಿನೀರಲ್ಲಿ, ಒಲೆಯಿಂದ ಇಳಿಸಿ, ಮುಚ್ಚಿ 6ರಿಂದ 7 ನಿಮಿಷ ಬಿಟ್ಟರೆ ಬರುವ ಹದ. ಫ್ರಿಜ್ಜಿನಿಂದ ತೆಗೆದ ಮೊಟ್ಟೆ ಹಾಕಿದರೆ ನೀರಿನ ಬಿಸಿ ಇಳಿದು ಬಿಳಿಭಾಗ ಹಸಿ ನೀರಾಗಿಯೇ ಉಳಿಯುತ್ತದೆ. ಅಂಥದ್ದು ಬಂದರೆ ಯಾವ ಅಂಗಡಿಯಲ್ಲಾದರೂ ವಾಪಸ್ ಕೊಡುವುದರಲ್ಲಿ ತಪ್ಪಿಲ್ಲ. ಮೊಟ್ಟೆ ಸಿಪ್ಪೆಯ ಸಮೇತ ಬಂದರೆ ತಕ್ಷಣ ಒಡೆದು ತಟ್ಟೆಗೆ ಸುರಿಯಬೇಕು. ಮಾತಾಡುತ್ತ ಬಿಟ್ಟರೆ ಒಳಗಿನ ಬಿಸಿಗೇ ಹಳದಿ ಗಟ್ಟಿಯಾಗುತ್ತದೆ. ಎರಡು ಮೊಟ್ಟೆಗೆ ಕಪ್ಪು ಸೋಯಾ ಸಾಸು ನಾಲ್ಕೈದು ಹನಿ, ಬಿಳಿಮೆಣಸಿನ ಪುಡಿ ಎರಡು ಸಲ ಕೊಡವಿದರೆ ಸಾಕು. ಸಾಸು ಸುರಿದುಬಿಟ್ಟರೆ ಉಪ್ಪು ಬಿಟ್ಟು ಬೇರೇನೂ ನಾಲಿಗೆಗೆ ಸಿಗುವುದಿಲ್ಲ. ಗರ್ಭಿಣಿಯರು, ಪುಟ್ಟ ಮಕ್ಕಳು ಇದನ್ನು ಬಿಡುವುದು ಒಳ್ಳೆಯದು.

ಟೋಸ್ಟಿನ ಜೀವ ಕಾಯಾ. ಮೊಟ್ಟೆ, ಗಟ್ಟಿ ತೆಂಗಿನಹಾಲು, ಸಕ್ಕರೆ, ಪಾಂಡನ್ ಎಲೆ ಹಾಕಿ ಕಾಯಿಸಿದ ಲೇಹ್ಯ ಅದು. ಅನ್ನಕ್ಕೆ ಬಾಸುಮತಿಯ ಪರಿಮಳ ಬರಲೆಂದು ನಮ್ಮ ಕರಾವಳಿಯ ಕೆಲವು ಹಿತ್ತಿಲುಗಳಲ್ಲಿ ಬೆಳೆಯುವ ಎಲೆಯೇ ಈ ಪಾಂಡನ್. ಮನೆಯ ಅಳತೆಯಲ್ಲಿ ಹೇಳುವುದಾದರೆ ಹತ್ತು ಮೊಟ್ಟೆಗೆ ಅರ್ಧ ಲೀಟರ್ ತೆಂಗಿನಹಾಲು, ಹೆಚ್ಚುಕಮ್ಮಿ ಅರ್ಧ ಕಿಲೋ ಸಕ್ಕರೆ. ನೀರು ಕಾಯುವ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಕೈ ನಿಲ್ಲಿಸದೆ ತಿರುವುತ್ತ ಗಂಟೆಗಟ್ಟಲೆ ಕಾಯಿಸಬೇಕು. ಉರಿ ಜಾಸ್ತಿಯಾಗಿ 85 ಡಿಗ್ರಿ ದಾಟಿದರೆ ಮೊಟ್ಟೆ ಒಡೆದು ಗಂಟುಗಂಟಾಗುತ್ತದೆ, ಎಣ್ಣೆ ಬೇರೆಯಾಗುತ್ತದೆ. ಮಲಯ ನೆಲದಲ್ಲಿ ತಲೆಮಾರುಗಳಿಂದ ಬೇರೂರಿದ ಪೆರನಾಕನ್ ಚೀನೀಯರ ಮನೆಗಳ ಕಾಯಾ ಪಾಂಡನ್ ರಸದಿಂದ ಹಸಿರಾಗಿದ್ದರೆ ಹೈನಾನ್ ಕಾಯಾ ಕಂದು, ಸಕ್ಕರೆಯನ್ನು ಕಂದಿಸಿ ಹಾಕುವುದರಿಂದ. ಒಳ್ಳೆಯ ಕಾಯಾ ಚಮಚದಿಂದ ನಿಧಾನಕ್ಕೆ ಜಾರಬೇಕು, ನಾಲಿಗೆಗೆ ಮೊದಲು ತೆಂಗು ತಾಕಬೇಕು. ಕಾರ್ಖಾನೆಯ ಕಾಯಾದಲ್ಲಿ ಮೊದಲು ತಾಕುವುದು ಸಕ್ಕರೆ, ಅದೂ ಪಿಷ್ಟ ಸೇರಿಸಿದ ಅಂಟಿನ ಜೊತೆ. ಯುತ್ ಕೀಯ ಕಾಯಾ ಮನೆಯಲ್ಲೇ ಮಾಡಿದ್ದು. ಸಿಹಿ ಸ್ವಲ್ಪ ಹೆಚ್ಚೇ, ಆದರೆ ತೆಂಗು ಮುಚ್ಚಿಹೋಗುವುದಿಲ್ಲ.

ಟೋಸ್ಟಿನಲ್ಲಿ ನೋಡಬೇಕಾದದ್ದು ಬೆಣ್ಣೆ. ತಣ್ಣಗಿನ ಬೆಣ್ಣೆಯ ಹೋಳು ಬಿಸಿ ಬ್ರೆಡ್ಡಿನ ನಡುವೆ ಅರ್ಧ ಕರಗಿ ಅರ್ಧ ಗಟ್ಟಿ ಇರುವಾಗ ಬಾಯಿಗೆ ಹೋಗಬೇಕು. ಅದಕ್ಕಿರುವ ಅವಧಿ ಮೂರ್ನಾಲ್ಕು ನಿಮಿಷ. ಆಮೇಲೆ ಬ್ರೆಡ್ಡು ಮೆತ್ತಗಾಗಿ, ಬೆಣ್ಣೆ ಎಣ್ಣೆಯಾಗಿ, ಎಲ್ಲಿ ಬೇಕಾದರೂ ಸಿಗುವ ತಿಂಡಿಯಾಗಿಬಿಡುತ್ತದೆ. ಎಲ್ಲ ತಿಂಡಿಯ ಫೋಟೋ ತೆಗೆದು ಮುಗಿದ ಮೇಲೆ ತಿಂದು "ಏನಿದೆ ಇದರಲ್ಲಿ" ಎನ್ನುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಟೋಸ್ಟಿನ ತುದಿಯನ್ನು ಮೊಟ್ಟೆಯ ಹಳದಿಗೆ ಅದ್ದಿ ತಿನ್ನುವ ಪದ್ಧತಿ ಇದೆ. ಸಿಹಿ, ಉಪ್ಪು, ಕೊಬ್ಬು ಮೂರೂ ಒಟ್ಟಿಗೆ ಸಿಗುವುದು ಆಗಲೇ.

ಇನ್ನು ಈ ಅಂಗಡಿಗೆ ಬರುವ ನಿಜವಾದ ಕಾರಣ. ರೋಟಿ ಬಾಬಿ ಎಂದರೆ ಹಂದಿಮಾಂಸ ತುಂಬಿದ ಬ್ರೆಡ್ಡು. ದಪ್ಪ ಬ್ರೆಡ್ ತುಂಡಿನ ಹೊಟ್ಟೆ ಸೀಳಿ, ಈರುಳ್ಳಿಯೊಂದಿಗೆ ಹುರಿದ ಹಂದಿಮಾಂಸ ತುಂಬಿ, ಮೊಟ್ಟೆಯಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಗೆ ಗರಿ, ಒಳಗೆ ಒದ್ದೆ. ಇದರ ಜೊತೆ ವೂಸ್ಟರ್ ಸಾಸು ಇಲ್ಲದೆ ತಿನ್ನಬಾರದು. ಹುಣಸೆ ಮತ್ತು ವಿನೆಗರಿನ ಆ ಹುಳಿಯೇ ಕರಿದ ಬ್ರೆಡ್ಡಿನ ಜಿಡ್ಡನ್ನು ಕತ್ತರಿಸುವುದು. ಸಾಸನ್ನು ಮೇಲೆ ಸುರಿಯದೆ, ಕತ್ತರಿಸಿದ ಪ್ರತಿ ತುಂಡಿನ ಮಾಂಸದ ಮೇಲೆ ಮೂರ್ನಾಲ್ಕು ಹನಿ ಬಿಡಿ, ಗರಿ ಉಳಿಯುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಬ್ರೆಡ್ಡು ಎಣ್ಣೆ ಕುಡಿದು ಭಾರವಾಗುವುದು ಈ ತಿಂಡಿಯ ಹುಟ್ಟುದೋಷ. ತಟ್ಟೆಗೆ ಎಣ್ಣೆ ಇಳಿಯುತ್ತಿದ್ದರೆ ಅದೇ ಲಕ್ಷಣ. ಒಬ್ಬರಿಗೆ ಒಂದು ಹೆಚ್ಚಾಗುತ್ತದೆ. ಇಬ್ಬರು ಹಂಚಿಕೊಂಡರೆ ಚಾಪ್‌ಗೂ ಜಾಗ ಇರುತ್ತದೆ.

ಚಾಪ್ ಹೈನಾನ್ ಬಾಣಸಿಗರ ಕೈಗುರುತು. ಕೋಳಿ ಅಥವಾ ಹಂದಿಮಾಂಸವನ್ನು ತಟ್ಟಿ ತೆಳ್ಳಗೆ ಮಾಡಿ, ಮಸಾಲೆ ಹಿಡಿಸಿ, ಹೊದಿಕೆ ಕೊಟ್ಟು ಕರಿದು, ಮೇಲೆ ಕಂದು ಗ್ರೇವಿ ಸುರಿದು ಕೊಡುತ್ತಾರೆ. ಗ್ರೇವಿಯಲ್ಲಿ ಈರುಳ್ಳಿ, ಸೋಯಾ ಸಾಸು, ವೂಸ್ಟರ್ ಸಾಸು ಸೇರುತ್ತವೆ. ಇಂಗ್ಲಿಷರ ಮನೆಯಲ್ಲಿ ಹಿಟ್ಟು ಬೆಣ್ಣೆ ಹುರಿದು ಮಂದ ಮಾಡುತ್ತಿದ್ದುದನ್ನು ಇವರು ಪಿಷ್ಟದ ನೀರಿನಿಂದ ಮಾಡುತ್ತಾರೆ, ಹಾಗಾಗಿ ಗ್ರೇವಿ ಹೊಳೆಯುತ್ತದೆ, ಹಗುರವಾಗಿಯೂ ಇರುತ್ತದೆ. ಪಕ್ಕದಲ್ಲಿ ಬಟಾಣಿ, ಕ್ಯಾರೆಟ್, ಆಲೂಗಡ್ಡೆ. ತರಕಾರಿ ಇಲ್ಲಿ ನೆಪಕ್ಕೆ, ಅದನ್ನು ನಂಬಿಕೊಂಡು ಹೋಗಬೇಡಿ. ಪಾಶ್ಚಾತ್ಯ ಹೋಟೆಲಿನ ಸ್ಟೇಕ್ ಎಂದು ಎಣಿಸಿದರೂ ನಿರಾಸೆಯೇ. ಇದು ಸಿಹಿ ಹುಳಿ ಸೇರಿದ, ಅನ್ನ ಕಲಸಿ ತಿನ್ನಬಹುದು ಅನ್ನಿಸುವಂಥ ಗ್ರೇವಿ. ಒಂದು ಎಚ್ಚರಿಕೆ: ಗ್ರೇವಿ ಬಿದ್ದ ಕ್ಷಣದಿಂದ ಹೊದಿಕೆ ಮೆತ್ತಗಾಗತೊಡಗುತ್ತದೆ. ಗರಿ ಇಷ್ಟಪಡುವವರು ಗ್ರೇವಿಯನ್ನು ಬೇರೆ ಬಟ್ಟಲಲ್ಲಿ ಕೊಡುತ್ತೀರಾ ಎಂದು ಆರ್ಡರ್ ಕೊಡುವಾಗಲೇ ಕೇಳಿ. ಕೋಳಿ, ಹಂದಿ ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಹಂದಿ. ಕೋಳಿ ಚಾಪ್ ಬೇರೆಡೆಯೂ ಪರವಾಗಿಲ್ಲ ಎನ್ನುವಷ್ಟು ಸಿಗುತ್ತದೆ.

ಹೈನನೀಸ್ ಎಂದ ಕೂಡಲೇ ಚಿಕನ್ ರೈಸ್ ಹುಡುಕುವವರಿದ್ದಾರೆ. ಅದಕ್ಕೆ ಮೀಸಲಾದ ಅಂಗಡಿಗಳೇ ಬೇರೆ. ಇಲ್ಲಿ ಅನ್ನವೇ ಬೇಕಿದ್ದರೆ ಬೆಲಚಾನ್ ಹಾಕಿದ ಫ್ರೈಡ್ ರೈಸ್ ಇದೆ. ಬೆಲಚಾನ್ ಎಂದರೆ ಹುದುಗಿಸಿ ಒಣಗಿಸಿದ ಸಿಗಡಿಯ ಮುದ್ದೆ, ಒಣಮೀನಿನ ವಾಸನೆ ಒಗ್ಗಿದ ಕರಾವಳಿಯವರಿಗೆ ಇದು ಹಬ್ಬ, ಒಗ್ಗದವರು ಪಕ್ಕದ ಮೇಜಿಗೆ ಬಂದಾಗಲೇ ಮುಖ ತಿರುಗಿಸುತ್ತಾರೆ. ನೂಡಲ್ಸಿನಲ್ಲಿ ಹೈಲಾಮ್ ಮೀ ಸಾಕು: ದಪ್ಪ ಹಳದಿ ನೂಡಲ್ಸು, ಕಪ್ಪು ಗ್ರೇವಿ, ಪಕ್ಕದಲ್ಲಿ ಸಾಂಬಾಲ್ ಎಂಬ ಮೆಣಸಿನಕಾಯಿ ಚಟ್ನಿ. ಸಾಂಬಾಲನ್ನು ಪೂರ್ತಿ ಕಲಸಬೇಡಿ, ತುತ್ತಿಗಿಷ್ಟು ಹಚ್ಚಿಕೊಳ್ಳಿ.

ವಾರಾಂತ್ಯದಲ್ಲಿ ಹೋದರೆ ಸುರುಳಿ ಸುತ್ತಿ ಹುರಿದ ಹಂದಿಮಾಂಸ, ಜೊತೆಗೆ ಸೇಬಿನ ಸಾಸು. ಇಂಗ್ಲಿಷರ ಭಾನುವಾರದ ಊಟವನ್ನು ಹೈನಾನ್ ಕೈಗಳು ಉಳಿಸಿಕೊಂಡದ್ದು ಹೀಗೆ. ಇದು ದಿನವೂ ಇರುವುದಿಲ್ಲ, ಇದ್ದ ದಿನವೂ ಮಾಡಿದಷ್ಟು ಮುಗಿದರೆ ಮುಗಿಯಿತು. ಮಧ್ಯಾಹ್ನ ಹೋಗಿ ಕೇಳಿದರೆ ಇಲ್ಲ ಎನ್ನಿಸಿಕೊಳ್ಳುವ ಸಂಭವವೇ ಹೆಚ್ಚು. ತಟ್ಟೆಗೆ ಬಂದರೆ ಚರ್ಮದ ತುಂಡನ್ನು ಮೊದಲು ತಿನ್ನಿ, ಆರಿದರೆ ಅದು ತೊಗಲು. ವಾರಾಂತ್ಯದ ಗದ್ದಲ ಸಹಿಸುವುದಕ್ಕೆ ಇರುವ ಒಂದೇ ಸರಿಯಾದ ಕಾರಣ ಈ ತಟ್ಟೆ.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ಇದು ನಿಮ್ಮ ಅಂಗಡಿಯಲ್ಲ. ಕಾಯಾದಲ್ಲಿ ಮೊಟ್ಟೆ ಇದೆ, ಕೇಕಿನಲ್ಲಿ ಇದೆ, ಸಾಂಬಾಲಿನಲ್ಲಿ ಸಿಗಡಿ ಇದೆ. ಮಾಂಸ ತೆಗೆದು ನೂಡಲ್ಸು ಮಾಡಿಕೊಡಿ ಎಂದರೆ ಗ್ರೇವಿಯ ಸಾರು ಉಳಿದೇ ಇರುತ್ತದೆ. ಜೊತೆಗೆ ಬಂದವರಿಗಾಗಿ ಕೂರುವುದಾದರೆ ಬೆಣ್ಣೆ ಟೋಸ್ಟು, ಕಾಯಾ ಬೇಡ ಎಂದು ಸ್ಪಷ್ಟವಾಗಿ ಹೇಳಿ, ಮತ್ತು ಒಂದು ಕೋಪಿ. ಊಟಕ್ಕೆ ಭಾರತೀಯರ ಬಡಾವಣೆಯಾದ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ, ಅಲ್ಲಿ ಬಾಳೆಎಲೆ ಊಟವೇ ಸಿಗುತ್ತದೆ. ಹಂದಿಮಾಂಸ ಬೇಯಿಸುವ ಅಡುಗೆಮನೆಯಾದ್ದರಿಂದ ಇದು ಹಲಾಲ್ ಅಲ್ಲ ಎಂಬುದೂ ಮೊದಲೇ ಗೊತ್ತಿರಲಿ.

ತಲುಪಲು ಮೊನೊರೈಲಿನ ಮೇಡಾನ್ ತುವಾಂಕು ನಿಲ್ದಾಣ ಹತ್ತಿರ. ಎಲ್‌ಆರ್‌ಟಿ ಎಂಬ ನಗರ ರೈಲಿನ ಡಾಂಗ್ ವಾಂಗಿ ನಿಲ್ದಾಣದಿಂದಲೂ ನಡೆಯಬಹುದು, ಬಿಸಿಲಲ್ಲಿ ಸ್ವಲ್ಪ ದೂರವೇ. ಸೋಮವಾರ ರಜೆ. ಇದು ಬೆಳಗಿನ ಮತ್ತು ಮಧ್ಯಾಹ್ನದ ಅಂಗಡಿ, ರಾತ್ರಿ ಊಟ ಇಲ್ಲ. ಮಂಗಳವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಎಂಟೂವರೆಯ ಒಳಗೆ ಹೋದರೆ ನಿರಾಳ. ಶನಿವಾರ, ಭಾನುವಾರ ಹತ್ತರಿಂದ ಹನ್ನೆರಡರ ನಡುವೆ ಹೋದರೆ ನಿಲ್ಲಲು ಸಿದ್ಧರಾಗಿ. ಬಾಗಿಲ ಬಳಿ ಎಷ್ಟು ಜನ ಎಂದು ಹೇಳಿ ಕಾಯಬೇಕು, ಖಾಲಿ ಕುರ್ಚಿ ಕಂಡಿತೆಂದು ನೇರ ಹೋಗಿ ಕೂತರೆ ಎಬ್ಬಿಸುತ್ತಾರೆ. ಇಬ್ಬರೇ ಇದ್ದರೆ ಮೇಜು ಹಂಚಿಕೊಳ್ಳಬೇಕಾಗುತ್ತದೆ, ಬೇಗ ಜಾಗ ಸಿಗುವುದೂ ಅವರಿಗೇ. ಆರು ಜನರ ಕುಟುಂಬ ಒಂದೇ ಕಡೆ ಕೂರಬೇಕೆಂದರೆ ಕಾಯುವಿಕೆ ಲಂಬಿಸುತ್ತದೆ, ಮೂರು ಮೂರಾಗಿ ಒಡೆದುಕೊಳ್ಳುವುದೇ ಜಾಣತನ. ಕೂತ ಮೇಲೆ ಮೆನು ಓದುತ್ತ ಕಾಲ ಕಳೆಯಬೇಡಿ. ಪಾನೀಯ ಮತ್ತು ಅಡುಗೆಯನ್ನು ಒಟ್ಟಿಗೆ ಹೇಳಿ, ಟೋಸ್ಟನ್ನು ಮೊದಲು ಕೊಡಿ ಎನ್ನಿ. ಇಲ್ಲದಿದ್ದರೆ ಚಾಪ್ ಮತ್ತು ಟೋಸ್ಟು ಒಮ್ಮೆಗೇ ಬಂದು ಯಾವುದೋ ಒಂದು ಆರುತ್ತದೆ. ಸೇವೆ ಚುರುಕು, ಮಾತು ಕಡಿಮೆ. ಅದನ್ನು ಒರಟುತನ ಎಂದುಕೊಳ್ಳಬೇಕಾಗಿಲ್ಲ. ನಗದು ಜೊತೆಗಿಟ್ಟುಕೊಳ್ಳಿ. ಬೆಲೆ ಬೀದಿಬದಿಯ ಕಾಫಿ ಅಂಗಡಿಗಿಂತ ಹೆಚ್ಚು, ಹೋಟೆಲಿನ ಕೆಫೆಗಿಂತ ಎಷ್ಟೋ ಕಡಿಮೆ.

ಇಬ್ಬರಿಗೆ ಹದವಾದ ಆರ್ಡರ್: ಒಂದು ಕಾಯಾ ಟೋಸ್ಟು, ಇಬ್ಬರಿಗೂ ಅರೆಬೆಂದ ಮೊಟ್ಟೆ, ಒಂದು ರೋಟಿ ಬಾಬಿ, ಒಂದು ಹಂದಿ ಚಾಪ್, ಎರಡು ಕೋಪಿ. ಇದಕ್ಕಿಂತ ಹೆಚ್ಚು ಹೇಳಿದರೆ ಕೊನೆಯದು ತಟ್ಟೆಯಲ್ಲೇ ಉಳಿಯುತ್ತದೆ.

ಹೊರಡುವಾಗ ಕೇಕು ಕಟ್ಟಿಸಿಕೊಳ್ಳುವವರೇ ಹೆಚ್ಚು. ಮಾರ್ಬಲ್ ಕೇಕು ಬೆಣ್ಣೆ ಧಾರಾಳವಾಗಿರುವ, ಗಟ್ಟಿ ಮೈಯ ಹಳೆಯ ಕಾಲದ ಕೇಕು, ಪ್ರಯಾಣಕ್ಕೆ ಅದೇ ವಾಸಿ. ಕಾಯಾ ಸುತ್ತಿದ ಸ್ವಿಸ್ ರೋಲ್ ರುಚಿಯಲ್ಲಿ ಅದಕ್ಕಿಂತ ಮೇಲು, ಆದರೆ ಅಂದೇ ತಿನ್ನಬೇಕು. ಮರುದಿನಕ್ಕೆ ಕಾಯಾದ ಪಸೆ ಕೇಕಿಗೆ ಇಳಿದು ಸುರುಳಿ ಕುಸಿಯುತ್ತದೆ. ಮನೆಯಲ್ಲಿ ಮಾಡಿದ ಕಾಯಾದ ಡಬ್ಬಿ ಊರಿಗೆ ತರುವುದಾದರೆ ಚೆಕ್‌ಇನ್ ಬ್ಯಾಗಿನಲ್ಲಿಡಿ. ಕೈಚೀಲದಲ್ಲಿದ್ದರೆ 100 ಮಿಲಿಲೀಟರ್ ಮೀರಿದ ದ್ರವದ ಲೆಕ್ಕಕ್ಕೆ ಸೇರಿ ತಪಾಸಣೆಯಲ್ಲೇ ಉಳಿದುಬಿಡುತ್ತದೆ. ಮನೆ ತಲುಪಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಒಣ ಚಮಚವನ್ನೇ ಹಾಕಿ, ವಾರದೊಳಗೆ ಮುಗಿಸಿ.